ಸ್ಟೆಪ್ನಿ ತೆಗೆದಿಟ್ಟರೆ ಕಾರಿನ ಪಿಕಪ್ ಹೆಚ್ಚುತ್ತಾ? ತೂಕ ಇಳಿಸಿಯೇ ರೇಸ್ ಗೆದ್ದ ಕಾಲಿನ್ ಚಾಪ್‌ಮನ್ ಬದುಕು ಹೇಳುವುದೇನು

ಕಾರಿನ ಪಿಕಪ್, ಮೈಲೇಜ್ ಹೆಚ್ಚಿಸುವ ಉಪಾಯಗಳಿಗೆ ವಾಟ್ಸಾಪ್‌ನಲ್ಲಿ ಬರವಿಲ್ಲ. ಸ್ಟೆಪ್ನಿ ತೆಗೆದು ಮನೆಯಲ್ಲಿಡಿ, ಹಿಂದಿನ ಸೀಟು ಬಿಚ್ಚಿಸಿ, ಟ್ಯಾಂಕ್ ಅರ್ಧ ಮಾತ್ರ ತುಂಬಿಸಿ, ಕಾರು ಹಗುರವಾಗಿ ಬಾಣದಂತೆ ಹೋಗುತ್ತದೆ ಎನ್ನುವ ಸಲಹೆಗಳು ಗುಂಪಿನಿಂದ ಗುಂಪಿಗೆ ಓಡಾಡುತ್ತಲೇ ಇರುತ್ತವೆ. ಇದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಷ್ಟು ನಿಜ ಎಂದು ತಿಳಿಯಲು ನಾವು ಒಬ್ಬ ಎಂಜಿನಿಯರ್‌ನ ಜೀವನವನ್ನು ನೋಡೋಣ. ಕಾರಿನ ತೂಕ ಇಳಿಸುವುದನ್ನೇ ಕಸುಬು ಮಾಡಿಕೊಂಡು ಜಗತ್ತಿನ ದೊಡ್ಡ ರೇಸ್‌ಗಳನ್ನು ಗೆದ್ದವರು ಅವರು. ಅದೇ ಹಾದಿಯಲ್ಲಿ ದೊಡ್ಡ ಬೆಲೆಯನ್ನೂ ಕಂಡವರು. ಹೆಸರು ಕಾಲಿನ್ ಚಾಪ್‌ಮನ್, ಲೋಟಸ್ ಕಾರು ಕಂಪನಿಯ ಸ್ಥಾಪಕ.

ಮೊದಲು ಲೆಕ್ಕ ಅರ್ಥ ಮಾಡಿಕೊಳ್ಳೋಣ

ಹೈಸ್ಕೂಲಿನಲ್ಲಿ ಓದಿದ ನ್ಯೂಟನ್ನನ ಎರಡನೇ ನಿಯಮ ನೆನಪಿದೆಯೇ? ಒಂದೇ ಬಲದಿಂದ ತಳ್ಳಿದಾಗ ಹಗುರ ವಸ್ತು ಬೇಗ ವೇಗ ಪಡೆಯುತ್ತದೆ, ಭಾರದ ವಸ್ತು ನಿಧಾನವಾಗಿ ಪಡೆಯುತ್ತದೆ. ಕಾರಿಗೂ ಇದೇ ನಿಯಮ. ಚಾಲಕರೂ ಸೇರಿ 1,000 ಕೆ.ಜಿ. ತೂಗುವ ಕಾರು ನಿಂತಲ್ಲಿಂದ 60 ಕಿ.ಮೀ. ವೇಗ ಮುಟ್ಟಲು 10 ಸೆಕೆಂಡ್ ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಇನ್ನೂ ಮೂವರು ಹತ್ತಿ ತೂಕ 1,200 ಕೆ.ಜಿ. ಆದರೆ ಅದೇ ಎಂಜಿನ್‌ಗೆ ಸುಮಾರು 12 ಸೆಕೆಂಡ್ ಬೇಕು.

ಊರೊಳಗೆ ಓಡಿಸುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮಲ್ಲೇಶ್ವರದಿಂದ ಬಸವನಗುಡಿಗೆ ಹೋಗುವಾಗ ಎಷ್ಟು ಸಿಗ್ನಲ್‌ಗಳಲ್ಲಿ ನಿಂತು ಹೊರಡುತ್ತೇವೆ, ಎಣಿಸಿ ನೋಡಿ. ಪ್ರತಿ ಸಲ ಹೊರಡುವಾಗ ಇಡೀ ತೂಕಕ್ಕೆ ಎಂಜಿನ್ ವೇಗ ಕೊಡಬೇಕು. ಪ್ರತಿ ಸಲ ನಿಲ್ಲುವಾಗ ಆ ಶಕ್ತಿಯೆಲ್ಲ ಬ್ರೇಕ್‌ನಲ್ಲಿ ಬಿಸಿಯಾಗಿ ಹೋಗುತ್ತದೆ. ತೂಕ ಶೇ 20ರಷ್ಟು ಹೆಚ್ಚಿದರೆ ಹೀಗೆ ಪೋಲಾಗುವ ಶಕ್ತಿಯೂ ಶೇ 20ರಷ್ಟು ಹೆಚ್ಚು. ನೇರ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗಾಳಿಯ ತಡೆಯೇ ದೊಡ್ಡದು, ಅಲ್ಲಿ ತೂಕದ ಪ್ರಭಾವ ಕಡಿಮೆ.

ಅಂದರೆ ಹಗುರ ಕಾರು ಚುರುಕು ಎನ್ನುವ ಮೂಲ ಮಾತು ನಿಜ. ಚಾಪ್‌ಮನ್ ಹಿಡಿದದ್ದು ಇದೇ ಎಳೆಯನ್ನು.

ಹಳೇ ಕಾರು, 25 ಪೌಂಡ್ ಸಾಲ

ಕಾಲಿನ್ ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಲಂಡನ್ ಪಕ್ಕದ ರಿಚ್ಮಂಡ್‌ನಲ್ಲಿ. ತಂದೆ ಉತ್ತರ ಲಂಡನ್ನಿನಲ್ಲಿ ಹೋಟೆಲು ನಡೆಸುತ್ತಿದ್ದರು. ಮಗ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ಓದಿದ್ದು ಕಾರಿನ ವಿದ್ಯೆಯನ್ನಲ್ಲ, ಕಟ್ಟಡ, ಸೇತುವೆಗಳ ಎಂಜಿನಿಯರಿಂಗ್. ಯಾವ ತೊಲೆಯ ಮೇಲೆ ಎಷ್ಟು ಭಾರ ಬೀಳುತ್ತದೆ, ಯಾವುದನ್ನು ತೆಗೆದರೂ ಸೇತುವೆ ನಿಲ್ಲುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ ಅದು. ಓದುವಾಗಲೇ ವಿಮಾನ ಹಾರಿಸುವುದನ್ನೂ ಕಲಿತರು. ಆಮೇಲೆ ಕೆಲಸಕ್ಕೆ ಸೇರಿದ್ದು ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಗೆ. ಸೇತುವೆ, ವಿಮಾನ, ಅಲ್ಯೂಮಿನಿಯಂ, ಈ ಮೂರೂ ಮುಂದೆ ಅವರ ಕಾರುಗಳಲ್ಲಿ ಒಂದಾದವು.

1948ರಲ್ಲಿ ಅವರು ಒಂದು ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಬಿಚ್ಚಿ, ತಮ್ಮದೇ ರೀತಿಯಲ್ಲಿ ಮತ್ತೆ ಕಟ್ಟಿದರು. ಕೆಲಸ ನಡೆದದ್ದು ಗೆಳತಿ ಹೇಝಲ್ ವಿಲಿಯಮ್ಸ್ ಅವರ ಮನೆಯ ಗ್ಯಾರೇಜಿನಲ್ಲಿ. 1952ರಲ್ಲಿ ಲೋಟಸ್ ಎಂಜಿನಿಯರಿಂಗ್ ಕಂಪನಿ ಆರಂಭವಾದಾಗ ಬಂಡವಾಳವಾಗಿ 25 ಪೌಂಡ್ ಸಾಲ ಕೊಟ್ಟದ್ದೂ ಹೇಝಲ್ ಅವರೇ. 1954ರಲ್ಲಿ ಇಬ್ಬರೂ ಮದುವೆಯಾದರು.

ದೊಡ್ಡ ಎಂಜಿನ್ ಕೊಳ್ಳಲು ಚಾಪ್‌ಮನ್ ಬಳಿ ಹಣವಿರಲಿಲ್ಲ. ಎಂಜಿನ್ ದೊಡ್ಡದು ಮಾಡಲಾಗದಿದ್ದರೆ ಅದು ಎಳೆಯಬೇಕಾದ ಭಾರವನ್ನು ಚಿಕ್ಕದು ಮಾಡಬಹುದಲ್ಲ? ಇದರಿಂದ ಇನ್ನೊಂದು ಲಾಭವೂ ಇತ್ತು. ಶಕ್ತಿ ಹೆಚ್ಚಿಸಿದರೆ ನೇರ ದಾರಿಯಲ್ಲಿ ಮಾತ್ರ ಕಾರು ಚುರುಕು. ತೂಕ ಇಳಿಸಿದರೆ ಹೊರಡುವಾಗಲೂ, ತಿರುವಿನಲ್ಲೂ, ಬ್ರೇಕ್ ಹಾಕುವಾಗಲೂ ಲಾಭ.

ಒಂದು ಭಾಗಕ್ಕೆ ಎರಡು ಕೆಲಸ

ಚಾಪ್‌ಮನ್ ಬರೀ ವಸ್ತುಗಳನ್ನು ಕಿತ್ತು ಬಿಸಾಕಿ ತೂಕ ಇಳಿಸಲಿಲ್ಲ. ಒಂದೇ ಭಾಗ ಎರಡು ಮೂರು ಕೆಲಸ ಮಾಡುವಂತೆ ವಿನ್ಯಾಸ ಮಾಡಿದರು.

1957ರಲ್ಲಿ ಬಂದ ಲೋಟಸ್ ಎಲೀಟ್ ಕಾರಿಗೆ ಕೆಳಗೆ ಪ್ರತ್ಯೇಕ ಕಬ್ಬಿಣದ ಚಾಸಿಯೇ ಇರಲಿಲ್ಲ. ಫೈಬರ್ ಗ್ಲಾಸಿನ ಬಾಡಿಯೇ ಚಾಸಿಯ ಕೆಲಸವನ್ನೂ ಮಾಡುತ್ತಿತ್ತು. ಇಡೀ ಕಾರಿನ ತೂಕ ಸುಮಾರು 500 ಕೆ.ಜಿ. ಮಾತ್ರ.

1962ರ ಲೋಟಸ್ 25 ಎಂಬ ಫಾರ್ಮುಲಾ 1 ಕಾರಿನಲ್ಲಿ ಕೊಳವೆಗಳ ಚೌಕಟ್ಟನ್ನೇ ಬಿಟ್ಟರು. ವಿಮಾನದ ಮೈಯಂತೆ ತೆಳು ಅಲ್ಯೂಮಿನಿಯಂ ಹಾಳೆಯ ಪೆಟ್ಟಿಗೆಯೇ ಭಾರ ಹೊತ್ತಿತು. ಕಾರು ಹಗುರವೂ ಆಯಿತು, ಹಿಂದಿಗಿಂತ ಗಟ್ಟಿಯೂ ಆಯಿತು. ಅದರಲ್ಲಿ ಕೂತ ಜಿಮ್ ಕ್ಲಾರ್ಕ್ 1963ರಲ್ಲಿ 10 ರೇಸ್‌ಗಳಲ್ಲಿ 7 ಗೆದ್ದು ವಿಶ್ವ ಚಾಂಪಿಯನ್ ಆದರು. 1965ರಲ್ಲಿ ಮತ್ತೆ ಅವರೇ ಚಾಂಪಿಯನ್, ಅದೇ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸನ್ನೂ ಲೋಟಸ್ ಕಾರಿನಲ್ಲೇ ಗೆದ್ದರು. 1967ರ ಲೋಟಸ್ 49ರಲ್ಲಿ ಎಂಜಿನ್ನೇ ಕಾರಿನ ಹಿಂಭಾಗದ ಬೆನ್ನೆಲುಬಾಯಿತು. ಹಿಂದಿನ ಚಕ್ರಗಳ ಭಾರವನ್ನೆಲ್ಲ ಎಂಜಿನ್ ಹೊತ್ತುಕೊಂಡಿತು. ಚಾಪ್‌ಮನ್ ಬದುಕಿದ್ದಾಗ ಲೋಟಸ್ ತಂಡ ಒಟ್ಟು 7 ಸಲ ಕಾರು ತಯಾರಕರ ವಿಶ್ವ ಪ್ರಶಸ್ತಿ ಗೆದ್ದಿತು.

ಹಗುರತನದ ಇನ್ನೊಂದು ಮುಖ

ಫಾರ್ವರ್ಡ್‌ಗಳು ಹೇಳದೆ ಬಿಡುವ ಭಾಗ ಇಲ್ಲಿದೆ. ಲೋಟಸ್ ಕಾರುಗಳು ವೇಗವಾದವು, ಆದರೆ ಮುರಿಯುತ್ತವೆ ಎಂಬ ಹೆಸರನ್ನೂ ಪಡೆದವು. 1960ರಲ್ಲಿ ಬೆಲ್ಜಿಯಂನ ಸ್ಪಾ ರೇಸಿನ ಅಭ್ಯಾಸದ ವೇಳೆ ಸ್ಟರ್ಲಿಂಗ್ ಮಾಸ್ ಅವರ ಲೋಟಸ್ ಕಾರಿನ ಹಿಂದಿನ ಚಕ್ರ ಕಳಚಿತು. ಅವರ ಕಾಲುಗಳು ಮುರಿದವು. ಅಲ್ಲೇ ಅಭ್ಯಾಸದಲ್ಲಿ ಮೈಕ್ ಟೇಲರ್ ಅವರ ಲೋಟಸ್ ಕಾರಿನ ಸ್ಟಿಯರಿಂಗ್ ತುಂಡಾಯಿತು. ಅವರು ಕೋರ್ಟಿಗೆ ಹೋಗಿ ಲೋಟಸ್ ವಿರುದ್ಧ ಗೆದ್ದರು.

1968ರ ಏಪ್ರಿಲ್ 7ರಂದು ಜರ್ಮನಿಯ ಹೋಕನ್‌ಹೈಮ್‌ನಲ್ಲಿ ಜಿಮ್ ಕ್ಲಾರ್ಕ್ ತೀರಿಕೊಂಡರು. ಅದಕ್ಕೆ ಟಯರಿನ ಗಾಳಿ ಇಳಿದದ್ದು ಕಾರಣ ಎನ್ನುವುದೇ ಹೆಚ್ಚಿನವರ ಅಭಿಪ್ರಾಯ. ಹಾಗಾಗಿ ಎಲ್ಲ ಸಾವನ್ನೂ ಹಗುರತನದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ 1969ರಲ್ಲಿ ಬಾರ್ಸಿಲೋನಾದಲ್ಲಿ ಎರಡೂ ಲೋಟಸ್ ಕಾರುಗಳ ಎತ್ತರದ ರೆಕ್ಕೆಗಳು ಒಂದೇ ರೇಸಿನಲ್ಲಿ ಕುಸಿದವು. ಗಾಯಗೊಂಡ ಚಾಲಕ ಯೋಕೆನ್ ರಿಂಟ್ ಚಾಪ್‌ಮನ್‌ಗೆ ಪತ್ರ ಬರೆದರು. ಕಾರು ಈಗಲೇ ಬೇಕಾದಷ್ಟು ವೇಗವಾಗಿದೆ, ದುರ್ಬಲ ಭಾಗಗಳಿಗೆ ಸ್ವಲ್ಪ ತೂಕ ಸೇರಿಸಿ ಗಟ್ಟಿ ಮಾಡಿದರೂ ನಾವು ಗೆಲ್ಲುತ್ತೇವೆ ಎನ್ನುವುದು ಅದರ ಸಾರ.

1970ರಲ್ಲಿ ಹೊಸ ಲೋಟಸ್ 72 ಬಂತು. ಅದರ ಮುಂದಿನ ಬ್ರೇಕ್‌ಗಳನ್ನು ಚಕ್ರದಲ್ಲಿ ಕೂರಿಸದೆ ಕಾರಿನ ಒಡಲೊಳಗೆ ಇಟ್ಟಿದ್ದರು. ಚಕ್ರದ ಭಾರ ಕಡಿಮೆಯಾದರೆ ಟಯರ್ ರಸ್ತೆಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ ಎಂಬ ಲೆಕ್ಕ ಅದು. ಬ್ರೇಕ್‌ಗೂ ಚಕ್ರಕ್ಕೂ ನಡುವೆ ಒಂದು ಶಾಫ್ಟ್ ಬೇಕಾಯಿತು. ತೂಕ ಉಳಿಸಲು ಅದರ ಒಳಗನ್ನು ಟೊಳ್ಳು ಮಾಡಿದ್ದರು. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ಆ ಶಾಫ್ಟ್ ಮುರಿದು ರಿಂಟ್ ಅವರ ಕಾರು ತಡೆಗೋಡೆಗೆ ಬಡಿಯಿತು. ಅವರು ಉಳಿಯಲಿಲ್ಲ. ತಡೆಗೋಡೆಯನ್ನು ಸರಿಯಾಗಿ ಹಾಕದಿದ್ದದ್ದೂ ಸಾವಿಗೆ ಕಾರಣವಾಗಿತ್ತು, ಇಟಲಿಯ ನ್ಯಾಯಾಲಯ ಚಾಪ್‌ಮನ್ ಅವರನ್ನು ದೋಷಮುಕ್ತಗೊಳಿಸಿತು. ಆ ವರ್ಷ ರಿಂಟ್ ಗಳಿಸಿದ್ದ ಅಂಕಗಳನ್ನು ಬೇರೆ ಯಾರೂ ದಾಟಲಿಲ್ಲ. ಸತ್ತ ಮೇಲೆ ವಿಶ್ವ ಚಾಂಪಿಯನ್ ಆದವರು ಫಾರ್ಮುಲಾ 1ರ ಇತಿಹಾಸದಲ್ಲಿ ಅವರೊಬ್ಬರೇ.

ಚಾಪ್‌ಮನ್ ಜಗತ್ತಿನ ಅತಿ ಜಾಣ ಕಾರು ಎಂಜಿನಿಯರ್‌ಗಳಲ್ಲಿ ಒಬ್ಬರು. ಪ್ರತಿ ಭಾಗದ ಲೆಕ್ಕ ಬಲ್ಲವರು. ಅಂಥವರ ಕೈಯಲ್ಲೂ ತೂಕ ಉಳಿಸಿದ ಒಂದು ಶಾಫ್ಟ್ ಹೀಗಾಯಿತು. ಯಾವ ಲೆಕ್ಕವೂ ಇಲ್ಲದೆ ಕಾರಿನ ಭಾಗ ಬಿಚ್ಚಿಸುವ ಮೊದಲು ಇದನ್ನು ನೆನೆಯಬೇಕು.

ಚಾಪ್‌ಮನ್ ಇನ್ನೂ ಬದುಕಿದ್ದಾರೆಯೇ?

ಅವರ ಕೊನೆಯ ವರ್ಷಗಳು ಕಹಿಯಾಗಿದ್ದವು. ಡೆಲೋರಿಯನ್ ಎಂಬ ಕಾರನ್ನು ವಿನ್ಯಾಸ ಮಾಡುವ ಕೆಲಸ ಲೋಟಸ್‌ಗೆ ಸಿಕ್ಕಿತ್ತು. ಬ್ರಿಟಿಷ್ ಸರ್ಕಾರದ ಹಣ ಪಡೆದ ಆ ಕಂಪನಿ 1982ರಲ್ಲಿ ಮುಳುಗಿತು, ಹಣ ಎಲ್ಲಿ ಹೋಯಿತು ಎಂಬ ತನಿಖೆ ಶುರುವಾಯಿತು. ಅದೇ ವರ್ಷ ಡಿಸೆಂಬರ್ 16ರಂದು, 54ನೇ ವಯಸ್ಸಿನಲ್ಲಿ ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡರು. ಲೋಟಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಷೆಲ್ 1992ರಲ್ಲಿ ಜೈಲಿಗೆ ಹೋದರು. ಚಾಪ್‌ಮನ್ ಸತ್ತಂತೆ ನಟಿಸಿ ಬ್ರೆಜಿಲ್‌ಗೆ ಓಡಿಹೋದರು ಎಂಬ ಗಾಳಿಸುದ್ದಿ ಇಂದಿಗೂ ಹರಿದಾಡುತ್ತದೆ. ಅದಕ್ಕೆ ಯಾವ ಆಧಾರವೂ ಸಿಕ್ಕಿಲ್ಲ.

ಬೆಂಗಳೂರಿನ ಹಗುರ ಕಾರು

ಚಾಪ್‌ಮನ್ ತೀರಿಕೊಂಡ ಕಾಲದಲ್ಲೇ ಬೆಂಗಳೂರಿನಲ್ಲಿ ಒಂದು ಫೈಬರ್ ಕಾರು ರಸ್ತೆಗಿಳಿದಿತ್ತು. ಹಳೆಯ ಬೆಂಗಳೂರಿನವರಿಗೆ ಸಿಪಾನಿ ಡಾಲ್ಫಿನ್ ನೆನಪಿರಬಹುದು. ಅದು ಲೋಟಸ್ ಅಲ್ಲ. ಇಂಗ್ಲೆಂಡಿನದೇ ಆದ ರಿಲಯಂಟ್ ಕಿಟನ್ ಕಾರಿನ ಆಧಾರದ ಮೇಲೆ ಬೆಂಗಳೂರಿನ ಸಿಪಾನಿ ಕಂಪನಿ ತಯಾರಿಸಿದ ಎರಡು ಬಾಗಿಲ ಪುಟ್ಟ ಕಾರು. ಕೆಳಗೆ ಕಬ್ಬಿಣದ ಚಾಸಿ, ಮೇಲೆ ಫೈಬರ್ ಗ್ಲಾಸ್ ಬಾಡಿ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್. ಮೂಲ ಕಿಟನ್ ತೂಗುತ್ತಿದ್ದದ್ದು ಸುಮಾರು 500 ಕೆ.ಜಿ. ಆಗ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಅಂಬಾಸಡರ್ ಒಂದು ಟನ್ ಮೀರಿದ ಕಾರು. ಹಾಗಾಗಿ ಎಂಜಿನ್ ಚಿಕ್ಕದಾದರೂ ಡಾಲ್ಫಿನ್ ಚುರುಕಾಗಿತ್ತು, ರೇಸ್ ಮತ್ತು ರ‍್ಯಾಲಿ ಪ್ರಿಯರ ಮೆಚ್ಚುಗೆ ಗಳಿಸಿತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಅದು ಮಾರುಕಟ್ಟೆಯಲ್ಲಿ ನಿಲ್ಲಲಾಗಲಿಲ್ಲ. 2001ರಲ್ಲಿ ಬಂದ ಬೆಂಗಳೂರಿನ ಎಲೆಕ್ಟ್ರಿಕ್ ಕಾರು ರೇವಾ ಕೂಡ ಕಬ್ಬಿಣದ ಚೌಕಟ್ಟಿಗೆ ಪ್ಲಾಸ್ಟಿಕ್ ಹೊದಿಕೆ ಹೊದ್ದ ಕಾರು. ಈ ಎರಡೂ ಕಾರುಗಳು ಹಗುರವಾಗಿದ್ದದ್ದು ಕಾರ್ಖಾನೆಯ ವಿನ್ಯಾಸದಿಂದ. ಕೊಂಡ ಮೇಲೆ ಯಾರೋ ಬಿಚ್ಚಿದ್ದರಿಂದ ಅಲ್ಲ.

ಹಾಗಾದರೆ ನಿಮ್ಮ ಕಾರಿಗೆ ಏನು ಮಾಡಬೇಕು?

ಫಾರ್ವರ್ಡ್‌ನ ಸಲಹೆಗಳನ್ನು ಒಂದೊಂದಾಗಿ ನೋಡೋಣ.

ಸ್ಟೆಪ್ನಿ: ಚಿಕ್ಕ ಕಾರಿನ ಸ್ಟೆಪ್ನಿ ಸುಮಾರು 15 ಕೆ.ಜಿ. ಎಂದುಕೊಂಡರೂ 1,000 ಕೆ.ಜಿ.ಯಲ್ಲಿ ಅದು ಶೇ 1.5. ಮೇಲಿನ ಲೆಕ್ಕದ 10 ಸೆಕೆಂಡಿನಲ್ಲಿ ಉಳಿಯುವುದು 0.15 ಸೆಕೆಂಡ್, ಕಣ್ಣು ಮಿಟುಕಿಸುವಷ್ಟು. ಪಂಕ್ಚರ್ ಆದರೆ ಹೋಗುವುದು ಅರ್ಧ ದಿನ. ಕಂಪನಿಯೇ ಸ್ಟೆಪ್ನಿ ಇಲ್ಲದೆ ಕೊಟ್ಟ ಕಾರುಗಳ ಮಾತು ಬೇರೆ. ಅವುಗಳಿಗೆ ಟ್ಯೂಬ್‌ಲೆಸ್ ಟಯರ್, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ, ಪಂಕ್ಚರ್ ಕಿಟ್ ಇರಬೇಕು ಎಂಬ ನಿಯಮವಿದೆ.

ಅರ್ಧ ಟ್ಯಾಂಕ್: 18 ಲೀಟರ್ ಪೆಟ್ರೋಲ್ ಕಡಿಮೆ ತುಂಬಿಸಿದರೆ ಇಳಿಯುವುದು ಸುಮಾರು 13 ಕೆ.ಜಿ. ಬಂಕಿಗೆ ಎರಡು ಸಲ ಹೋಗುವ ಖರ್ಚಿಗೇ ಅದು ವಜಾ.

ಹಿಂದಿನ ಸೀಟು: ಬಿಚ್ಚಬೇಡಿ. ಸೀಟು, ಅದರ ಬೆಲ್ಟ್, ಏರ್‌ಬ್ಯಾಗ್, ಬಾಗಿಲೊಳಗಿನ ಉಕ್ಕಿನ ಪಟ್ಟಿ ಇವೆಲ್ಲ ಅಪಘಾತದ ಗಳಿಗೆಗಾಗಿ ಇರುವ ತೂಕ. ಕಾರಿನ ರಚನೆಯನ್ನು ಮನಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯೂ ಬಿಡುವುದಿಲ್ಲ.

ತೆಗೆಯಬಹುದಾದದ್ದು ನಾವೇ ಸೇರಿಸಿದ ತೂಕ. ಜೆ.ಸಿ. ರಸ್ತೆಯಲ್ಲಿ ಕೊಂಡು ಮುಂದೆ ಹಾಕಿಸಿದ ಬುಲ್ ಗಾರ್ಡ್ ಇದ್ದರೆ ಮೊದಲು ಅದನ್ನು ತೆಗೆಸಿ. ಅದು ಭಾರವೂ ಹೌದು, ಅಪಘಾತದಲ್ಲಿ ಏರ್‌ಬ್ಯಾಗ್ ಸರಿಯಾಗಿ ತೆರೆಯದಂತೆ ಮಾಡಬಹುದು, ಎದುರಿನ ಪಾದಚಾರಿಗೂ ಅಪಾಯ. 2017ರಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದರ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಸೂಚಿಸಿತ್ತು. ಖಾಲಿ ಇರುವ ಮೇಲಿನ ಕ್ಯಾರಿಯರ್ ಬಿಚ್ಚಿಡಿ, ಅದು ತೂಕಕ್ಕಿಂತ ಗಾಳಿಯ ತಡೆಯಿಂದ ಹೆಚ್ಚು ನಷ್ಟ ಮಾಡುತ್ತದೆ. ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಕೂತ ಹಳೇ ಪುಸ್ತಕದ ರಟ್ಟಿನ ಪೆಟ್ಟಿಗೆ, ನೀರಿನ ಕ್ಯಾನು ಇಳಿಸಿ. ಸುಮಾರು 45 ಕೆ.ಜಿ. ಇಳಿಸಿದರೆ ಮೈಲೇಜ್ ಶೇ 1ರಷ್ಟು ಸುಧಾರಿಸಬಹುದು ಎನ್ನುವುದು ಅಮೆರಿಕ ಸರ್ಕಾರದ ಅಂದಾಜು. ಟಯರಿಗೆ ಸರಿಯಾದ ಗಾಳಿ ಹಾಕಿಸುವುದಂತೂ ಅದಕ್ಕಿಂತ ಸುಲಭ.

ಸ್ಟೆಪ್ನಿ ಮನೆಯಲ್ಲಿಡಿ, ಸೀಟು ಬಿಚ್ಚಿಸಿ ಎಂಬ ಫಾರ್ವರ್ಡ್ ಮತ್ತೆ ಬಂದರೆ ಇದನ್ನು ಕಳಿಸಿ: ನೀವು ತುಂಬಿಸಿದ್ದನ್ನು ನೀವು ಇಳಿಸಿ, ಎಂಜಿನಿಯರ್ ಇಟ್ಟದ್ದನ್ನು ಅಲ್ಲೇ ಬಿಡಿ.