ಕಾಣದ ಅಲೆಗಳ ಬೆನ್ನು ಹತ್ತಿದ ಬೋಸ್

ಮೊಬೈಲ್ ಟವರ್ ಎಂದರೆ ಹೆದರುವ ನಾವು ಜಗದೀಶಚಂದ್ರ ಬೋಸ್ ಅವರ ಬದುಕನ್ನು ಒಮ್ಮೆ ಓದಬೇಕು. ರೇಡಿಯೊ ಅಲೆಗಳನ್ನು ಭಾರತದ ನೆಲದಲ್ಲಿ ಹುಟ್ಟಿಸಿ ಜನರ ಮುಂದೆ ತೋರಿಸಿದವರು ಅವರು.

ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶಕ್ಕೆ ಸೇರಿದ ಪೂರ್ವ ಬಂಗಾಳದಲ್ಲಿ. ತಂದೆ ಸರ್ಕಾರಿ ಅಧಿಕಾರಿ. ಆದರೂ ಮಗನನ್ನು ಬಂಗಾಳಿ ಶಾಲೆಗೆ ಹಾಕಿದರು. ಮೀನುಗಾರರ ಮಕ್ಕಳ ಜೊತೆ ಕುಳಿತು ಕಲಿತ ಬೋಸ್ ಮುಂದೆ ವೈದ್ಯಕೀಯ ಓದಲು ಲಂಡನ್ನಿಗೆ ಹೋದರು. ಆರೋಗ್ಯ ಕೈಕೊಟ್ಟಿದ್ದರಿಂದ ಅದನ್ನು ಬಿಟ್ಟು ಕೇಂಬ್ರಿಡ್ಜ್‌ನಲ್ಲಿ ವಿಜ್ಞಾನ ಓದಿದರು.

1885ರಲ್ಲಿ ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಬಿಳಿಯರಿಗೆ ಒಂದು ಸಂಬಳ, ಭಾರತೀಯರಿಗೆ ಅದಕ್ಕಿಂತ ಕಡಿಮೆ. ಬೋಸ್ ಮೂರು ವರ್ಷ ಪಾಠ ಮಾಡಿದರು, ಸಂಬಳ ಮಾತ್ರ ಮುಟ್ಟಲಿಲ್ಲ. ಕೊನೆಗೆ ಸರ್ಕಾರವೇ ಮಣಿದು ಬಾಕಿಯನ್ನು ಪೂರ್ತಿ ಕೊಟ್ಟಿತು.

ಸರಿಯಾದ ಪ್ರಯೋಗಾಲಯವೂ ಇರಲಿಲ್ಲ. ಒಂದು ಸಣ್ಣ ಕೋಣೆ, ತಗಡಿನ ಕೆಲಸದವನೊಬ್ಬನ ನೆರವು ಇಷ್ಟರಲ್ಲೇ ಉಪಕರಣ ಕಟ್ಟಿದರು. ಅದರಿಂದ ಬರೀ 5 ಮಿಲಿಮೀಟರ್ ಉದ್ದದ ಅಲೆಗಳನ್ನೂ ಹುಟ್ಟಿಸಿದರು. ಅಂದರೆ ಸುಮಾರು 60 ಗಿಗಾಹರ್ಟ್ಸ್. ಇಂದು 5ಜಿಗೆ ಹಂಚಿರುವ 26 ಗಿಗಾಹರ್ಟ್ಸ್‌ಗಿಂತಲೂ ಹೆಚ್ಚು. 1895ರಲ್ಲಿ ಕಲ್ಕತ್ತದ ಟೌನ್ ಹಾಲ್‌ನಲ್ಲಿ ಅವರ ಅಲೆಗಳು ಗೋಡೆಯನ್ನೂ ಅಡ್ಡ ಕುಳಿತ ಲೆಫ್ಟಿನೆಂಟ್ ಗವರ್ನರರನ್ನೂ ದಾಟಿ ಗಂಟೆ ಬಾರಿಸಿದವು, ಮದ್ದು ಸಿಡಿಸಿದವು. ಎಷ್ಟು ಅಲೆ ಮೈಯೊಳಗಿಂದ ಹೋಯಿತು, ಎಷ್ಟು ಪಕ್ಕದಿಂದ ಬಾಗಿ ಹೋಯಿತು ಎಂದು ಇಂದಿನ ವಿದ್ಯಾರ್ಥಿ ಕೇಳಬಹುದು. ಏಕೆಂದರೆ ಇಷ್ಟು ಗಿಡ್ಡ ಅಲೆಗಳನ್ನು ನಮ್ಮ ಚರ್ಮವೇ ಬಹುಪಾಲು ಹೀರಿಕೊಳ್ಳುತ್ತದೆ.

ಆಮೇಲೆ ಬೋಸ್ ಸಸ್ಯಗಳತ್ತ ತಿರುಗಿದರು. ವಿದ್ಯುತ್ತು, ಶಾಖ, ವಿಷಕ್ಕೆ ಗಿಡ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಊಹಿಸಲಿಲ್ಲ, ಅಳೆದರು. ಕಣ್ಣಿಗೆ ಕಾಣದ ಬೆಳವಣಿಗೆ ಅಳೆಯಲು ಕ್ರೆಸ್ಕೋಗ್ರಾಫ್ ಕಟ್ಟಿದರು. 1917ರಲ್ಲಿ ಬೋಸ್ ಸಂಶೋಧನಾ ಸಂಸ್ಥೆ ಸ್ಥಾಪಿಸಿದರು. 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ತೀರಿಕೊಂಡರು.

ಈ ಅಳೆಯುವ ಗುಣವೇ ಇಂದು ನಮಗೆ ಬೇಕು. ಎಕ್ಸ್-ರೇಯಂತೆ ಅಣುಗಳನ್ನು ಒಡೆಯುವ ಶಕ್ತಿ ರೇಡಿಯೊ ಅಲೆಗಳಿಗಿಲ್ಲ. ಖಚಿತವಾಗಿ ಸಾಬೀತಾದ ಪರಿಣಾಮವೆಂದರೆ ಬಿಸಿಯಾಗುವುದು. ಹಾಗಂತ ಪ್ರಶ್ನೆ ಮುಗಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಇವುಗಳನ್ನು ಕ್ಯಾನ್ಸರ್ ತರುವ ಸಾಧ್ಯತೆಯುಳ್ಳವುಗಳ ಪಟ್ಟಿಗೆ ಸೇರಿಸಿತು. ಭಾರತ 2012ರಲ್ಲಿ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು.

ಸುರೇಬಾನದಂಥ ಊರಿನಲ್ಲೂ ಟವರ್ ಬಗ್ಗೆ ಸಂಶಯ ಬಂದರೆ ದೂರಸಂಪರ್ಕ ಇಲಾಖೆಯ ತರಂಗ ಸಂಚಾರ್ ಪೋರ್ಟಲ್‌ನಲ್ಲಿ ಮಾಹಿತಿ ನೋಡಬಹುದು, ಶುಲ್ಕ ಕಟ್ಟಿ ಅಳತೆ ಮಾಡಿಸಬಹುದು. ವಾಟ್ಸ್‌ಆ್ಯಪ್ ಸಂದೇಶ ಮುಂದೆ ಕಳಿಸುವ ಮೊದಲು ಓದಿದ ಮಕ್ಕಳಾದ ನಾವು ಊರಿನ ಹಿರಿಯರಿಗೆ ಇಷ್ಟಾದರೂ ತಿಳಿಸೋಣ.