ವೈದ್ಯಸಂಶೋಧಕ ರಿಚರ್ಡ್ ಬ್ರೈಟ್

ಕಲಾವಿಭಾಗದಲ್ಲಿ ಓದುತ್ತಿರುವ ನಾನು ವೈದ್ಯನೊಬ್ಬನ ಜೀವನವನ್ನು ಬರೆಯಲು ಹೊರಟದ್ದಕ್ಕೆ ಕಾರಣವೊಂದಿದೆ. ನಾನು ಪ್ರೌಢಶಾಲೆಯಲ್ಲಿದ್ದಾಗ ನಮ್ಮ ದೊಡ್ಡಪ್ಪನವರಿಗೆ ಬೆಳಗಿನ ಹೊತ್ತು ಕಣ್ಣಿನ ಸುತ್ತ ಊತ ಕಾಣಿಸಿಕೊಳ್ಳುತ್ತಿತ್ತು. ಕೆಲವು ತಿಂಗಳಲ್ಲಿ ಅದು ಕಾಲಿಗೂ ಇಳಿಯಿತು. ಮೈಯಲ್ಲಿ ನೀರು ತುಂಬಿದೆಯೆಂದು ಮನೆಯವರು ಕಾಲಿಗೆ ಪಟ್ಟು ಹಾಕಿದರು. ಕೊನೆಗೆ ಆಸ್ಪತ್ರೆಗೆ ಕರೆದೊಯ್ದಾಗ ರೋಗವಿದ್ದುದು ಕಾಲಿನಲ್ಲಲ್ಲ, ಮೂತ್ರಪಿಂಡದಲ್ಲಿ ಎಂದು ತಿಳಿಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಕಾಲಿನ ಊತಕ್ಕೂ ಬೆನ್ನಿನ ಬಳಿ ಅಡಗಿರುವ ಮೂತ್ರಪಿಂಡಕ್ಕೂ ಏನು ಸಂಬಂಧವೆಂಬುದು ಆಗ ನಮಗಾರಿಗೂ ತಿಳಿದಿರಲಿಲ್ಲ. ಆ ಸಂಬಂಧವನ್ನು ಮೊದಲು ನಿಸ್ಸಂದೇಹವಾಗಿ ತೋರಿಸಿಕೊಟ್ಟ ಮಹನೀಯನೇ ಇಂಗ್ಲೆಂಡಿನ ಡಾಕ್ಟರ್ ರಿಚರ್ಡ್ ಬ್ರೈಟ್.

ಬ್ರೈಟನು 1789ನೆಯ ಇಸವಿ ಸೆಪ್ಟೆಂಬರ್ 28ರಂದು ಬ್ರಿಸ್ಟಲ್ ನಗರದಲ್ಲಿ ಜನಿಸಿದನು. ತಂದೆ ಸಿರಿವಂತ ವರ್ತಕ. 1808ರಲ್ಲಿ ಬ್ರೈಟನು ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಓದಲಾರಂಭಿಸಿದ್ದು ತತ್ತ್ವಶಾಸ್ತ್ರ, ಅರ್ಥಶಾಸ್ತ್ರ, ಗಣಿತಗಳನ್ನು. ಅಂದರೆ ಆರಂಭದಲ್ಲಿ ಅವನೂ ಬಹುಮಟ್ಟಿಗೆ ನಮ್ಮ ಹಾದಿಯವನೇ. ಮರುವರ್ಷ ವೈದ್ಯಶಾಸ್ತ್ರದ ಕಡೆಗೆ ತಿರುಗಿದನು. 1810ರಲ್ಲಿ ಓದನ್ನು ಸ್ವಲ್ಪ ಕಾಲ ನಿಲ್ಲಿಸಿ, ಸರ್ ಜಾರ್ಜ್ ಮೆಕೆಂಜಿಯ ತಂಡದೊಡನೆ ಐಸ್‌ಲೆಂಡ್ ದ್ವೀಪಕ್ಕೆ ಹೋಗಿ ಅಲ್ಲಿನ ಗಿಡಮರಗಳನ್ನೂ ಪ್ರಾಣಿಗಳನ್ನೂ ಕುರಿತು ಟಿಪ್ಪಣಿ ಮಾಡಿಕೊಂಡು ಬಂದನು. 1813ರಲ್ಲಿ ವೈದ್ಯಪದವಿ ದೊರೆಯಿತು. ಆಮೇಲೆ ಯೂರೋಪನ್ನು ಸುತ್ತಿ, ವಿಯೆನ್ನಾದಿಂದ ಹಂಗೆರಿಯವರೆಗೆ ಮಾಡಿದ ಪ್ರವಾಸವನ್ನು ಕುರಿತು 1818ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಕಂಡದ್ದನ್ನು ಕಂಡಂತೆ ಬರೆದಿಡುವ ಅಭ್ಯಾಸ ಅವನಿಗೆ ಕೈಗೂಡಿದ್ದು ಇಂತಹ ಪ್ರವಾಸಗಳಲ್ಲಿ ಎಂದು ನನಗೆ ತೋರುತ್ತದೆ.

1820ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯನಾಗಿ ಸೇರಿ, 1824ರಲ್ಲಿ ಪೂರ್ಣ ವೈದ್ಯನಾದನು. ಅವನ ಬಾಳಿನ ಮಹತ್ಕಾರ್ಯವೆಲ್ಲ ನಡೆದುದು ಅಲ್ಲಿಯೇ. ಇದೇ ಕಾಲದಲ್ಲಿ ಮನೆಯಲ್ಲಿ ದೊಡ್ಡ ದುಃಖವೂ ಒದಗಿತು. 1822ರಲ್ಲಿ ಮದುವೆಯಾದ ಹೆಂಡತಿ ಮಾರ್ಥಾ ಸ್ವಲ್ಪ ಕಾಲದಲ್ಲಿಯೇ ಹೆರಿಗೆಯ ತರುವಾಯ ತೀರಿಕೊಂಡಳು. 1826ರಲ್ಲಿ ಅವನು ಮರುಮದುವೆಯಾದನು. ಈ ಮದುವೆಯ ಮಕ್ಕಳಲ್ಲಿ ಜೇಮ್ಸ್ ಫ್ರಾಂಕ್ ಬ್ರೈಟ್ ಎಂಬುವನು ಮುಂದೆ ಇಂಗ್ಲೆಂಡಿನ ಇತಿಹಾಸಕಾರನೆಂದು ಹೆಸರು ಪಡೆದನು.

ಆ ಕಾಲದಲ್ಲಿ ಮೈ ಊದಿಕೊಳ್ಳುವುದನ್ನೇ ಒಂದು ರೋಗವೆಂದು ವೈದ್ಯರು ಎಣಿಸುತ್ತಿದ್ದರು. ಅದಕ್ಕೊಂದು ಹೆಸರು ಕೊಟ್ಟು, ನೀರನ್ನು ಇಳಿಸಲು ಭೇದಿಗೆ ಕೊಡುವುದು, ಬೆವರು ಬರಿಸುವುದು, ರಕ್ತ ತೆಗೆಯುವುದು, ಇವೇ ಚಿಕಿತ್ಸೆ. ಇಂತಹ ಕೆಲವು ರೋಗಿಗಳ ಮೂತ್ರವನ್ನು ಕಾಯಿಸಿದರೆ ಅದು ಹೆಪ್ಪುಗಟ್ಟುತ್ತದೆಂಬುದನ್ನು ಹದಿನೆಂಟನೆಯ ಶತಮಾನದಲ್ಲಿಯೇ ಇಟಲಿಯ ಕೊಟುನ್ಯೊ ಎಂಬ ವೈದ್ಯನು ಕಂಡಿದ್ದನು. ಬ್ರೈಟನಿಗಿಂತ ಸ್ವಲ್ಪ ಮುಂಚೆ ಇಂಗ್ಲೆಂಡಿನ ವೆಲ್ಸ್ ಮತ್ತು ಬ್ಲ್ಯಾಕಲ್ ಎಂಬುವರೂ ಇದನ್ನು ಗಮನಿಸಿದ್ದರು. ಆದರೆ ಅದರ ಮೂಲ ಎಲ್ಲಿದೆಯೆಂಬುದು ಇತ್ಯರ್ಥವಾಗಿರಲಿಲ್ಲ.

ಬ್ರೈಟನ ಉಪಕರಣ ಬಹು ಸರಳವಾದುದು. ಒಂದು ಚಮಚೆಯಲ್ಲಿ ರೋಗಿಯ ಮೂತ್ರವನ್ನು ತೆಗೆದುಕೊಂಡು ಮೇಣದ ಬತ್ತಿಯ ಜ್ವಾಲೆಯ ಮೇಲೆ ಹಿಡಿಯುವುದು. ಮೂತ್ರದಲ್ಲಿ ಆಲ್ಬುಮಿನ್ ಎಂಬ ಸಸಾರಜನಕವಿದ್ದರೆ, ಕಾದ ಮೊಟ್ಟೆಯ ಬಿಳಿಯ ಭಾಗದಂತೆ ಅದು ಬೆಳ್ಳಗೆ ಗಟ್ಟಿಯಾಗುತ್ತದೆ. ಪರೀಕ್ಷೆ ಇಷ್ಟೇ. ಆದರೆ ಬ್ರೈಟನು ಅಲ್ಲಿಗೆ ನಿಲ್ಲಲಿಲ್ಲ. ರೋಗಿಯನ್ನು ಹಾಸಿಗೆಯ ಬಳಿ ದಿನದಿನವೂ ನೋಡುತ್ತಿದ್ದನು. ರೋಗಿ ತೀರಿಕೊಂಡರೆ ಶವಪರೀಕ್ಷೆಯಲ್ಲಿ ಅಂಗಾಂಗಗಳನ್ನು ತಾನೇ ಪರಿಶೀಲಿಸುತ್ತಿದ್ದನು. ಮೈ ಊದಿ, ಮೂತ್ರ ಹೆಪ್ಪುಗಟ್ಟುತ್ತಿದ್ದವರ ಶರೀರದಲ್ಲಿ ಮತ್ತೆ ಮತ್ತೆ ಮೂತ್ರಪಿಂಡಗಳು ಕೆಟ್ಟಿದ್ದುದು ಕಂಡುಬಂದಿತು. ಕೆಲವರಲ್ಲಿ ಅವು ಮಚ್ಚೆ ಬಿದ್ದು ಬಣ್ಣಗೆಟ್ಟಿದ್ದವು. ಕೆಲವರಲ್ಲಿ ಕುಗ್ಗಿ, ಗಟ್ಟಿಯಾಗಿ, ಮೇಲ್ಮೈ ಹರಳುಹರಳಾಗಿತ್ತು. ಹೀಗೆ ಮೈಯ ಊತ, ಮೂತ್ರದ ಆಲ್ಬುಮಿನ್, ಕೆಟ್ಟ ಮೂತ್ರಪಿಂಡ ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ, 1827ರಲ್ಲಿ ಪ್ರಕಟವಾದ ತನ್ನ ರೋಗವೃತ್ತಾಂತಗಳ ಗ್ರಂಥದಲ್ಲಿ ವರ್ಣಚಿತ್ರಗಳ ಸಹಿತ ಲೋಕದ ಮುಂದಿಟ್ಟನು. ಊತವು ರೋಗವಲ್ಲ, ರೋಗದ ಗುರುತು ಮಾತ್ರ ಎಂಬುದು ಅಂದಿನಿಂದ ಸ್ಪಷ್ಟವಾಯಿತು.

ಈ ಕೆಲಸದಲ್ಲಿ ರಸಾಯನಶಾಸ್ತ್ರ ಬಲ್ಲ ವೈದ್ಯನಾದ ಜಾನ್ ಬೊಸ್ಟಾಕನು ಅವನಿಗೆ ನೆರವಾದನು. ಮೂತ್ರದಲ್ಲಿ ಹೊರಹೋಗಬೇಕಾದ ಯೂರಿಯಾ ಈ ರೋಗಿಗಳ ರಕ್ತದಲ್ಲಿಯೇ ಉಳಿಯುತ್ತದೆಂಬ ಸಂಗತಿ ಹೊರಬಿದ್ದಿತು. 1836ರಲ್ಲಿ ಬ್ರೈಟನು 100 ರೋಗಿಗಳ ಶವಪರೀಕ್ಷೆಯ ವಿವರಗಳನ್ನು ಪಟ್ಟಿಮಾಡಿ ಪ್ರಕಟಿಸಿದನು. ಹಲವರಲ್ಲಿ ಹೃದಯವು ದೊಡ್ಡದಾಗಿದ್ದುದು ಅವನ ಕಣ್ಣಿಗೆ ಬಿದ್ದಿತು. ಕೆಟ್ಟ ರಕ್ತದಿಂದ ಸಣ್ಣ ರಕ್ತನಾಳಗಳಲ್ಲಿ ತಡೆಯುಂಟಾಗಿ, ಹೃದಯವು ಹೆಚ್ಚು ಬಲದಿಂದ ದುಡಿಯಬೇಕಾಗಿರಬಹುದೆಂದು ಅವನು ಊಹಿಸಿದನು. ರಕ್ತದ ಒತ್ತಡವನ್ನು ಅಳೆಯುವ ಸಾಧನ ವೈದ್ಯರ ಕೈಗೆ ಇನ್ನೂ ಬಂದಿರದ ಕಾಲದಲ್ಲಿ ಆಡಿದ ಮಾತಿದು!

1842ರಲ್ಲಿ ಗೈಸ್ ಆಸ್ಪತ್ರೆಯಲ್ಲಿ ಮೂತ್ರಪಿಂಡ ರೋಗಿಗಳಿಗೆಂದೇ 42 ಹಾಸಿಗೆಗಳನ್ನು ಬಿಟ್ಟುಕೊಟ್ಟರು. ಪಕ್ಕದಲ್ಲಿಯೇ ಒಂದು ಪ್ರಯೋಗಶಾಲೆಯೂ ಇತ್ತು. ಒಂದೇ ರೋಗವನ್ನು ಹಲವರು ಕೂಡಿ, ಒಂದೇ ಕಡೆ, ಕ್ರಮವಾಗಿ ಅಭ್ಯಾಸ ಮಾಡುವ ಪದ್ಧತಿಗೆ ಇದು ಮೊದಲ ಮಾದರಿಗಳಲ್ಲಿ ಒಂದು. ಅದೇ ಆಸ್ಪತ್ರೆಯಲ್ಲಿ ಥಾಮಸ್ ಅಡಿಸನ್ ಮತ್ತು ಥಾಮಸ್ ಹಾಡ್ಜ್‌ಕಿನ್ ಎಂಬ ವೈದ್ಯರೂ ಇದ್ದರು. ಮೂವರ ಹೆಸರಿನಲ್ಲಿಯೂ ಒಂದೊಂದು ರೋಗ ಪ್ರಸಿದ್ಧವಾಯಿತೆಂಬುದು ಸೋಜಿಗದ ಸಂಗತಿ.

ಇಷ್ಟೆಲ್ಲ ಕಂಡುಹಿಡಿದ ಬ್ರೈಟನಿಗೆ ಈ ರೋಗವನ್ನು ಗುಣಪಡಿಸಲು ಸಾಧ್ಯವಾಗಲಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ರೋಗವೆಲ್ಲಿದೆಯೆಂದು ಬೆರಳಿಟ್ಟು ತೋರಿಸಬಲ್ಲವನಾಗಿದ್ದರೂ ಚಿಕಿತ್ಸೆಗೆ ಬಂದಾಗ ಅವನ ಕೈಯಲ್ಲಿದ್ದುದು ರಕ್ತ ತೆಗೆಯುವ, ಭೇದಿ ಮಾಡಿಸುವ ಹಳೆಯ ಕ್ರಮಗಳೇ. ಈ ಭಾಗವನ್ನು ಓದಿದಾಗ ನನ್ನ ಮನಸ್ಸು ಕಲಕಿತು. ಸಾಯಲಿರುವವನ ಎದುರಿಗೆ ನಿಂತು, ಬರುವುದೇನೆಂದು ತಿಳಿದೂ ತಡೆಯಲಾರದೆ ಇರುವುದು ಎಂತಹ ಸಂಕಟ! ಆದರೂ ಅವನು ಬರೆಯುವುದನ್ನು ಬಿಡಲಿಲ್ಲ. ತನ್ನ ಕಾಲದವರನ್ನು ಉಳಿಸಲಾಗದ ಜ್ಞಾನ ಮುಂದಿನವರನ್ನಾದರೂ ಉಳಿಸೀತೆಂದು ಅವನು ನಂಬಿರಬೇಕು.

ಅದು ಹಾಗೆಯೇ ಆಯಿತು. 1842ರಲ್ಲಿಯೇ ಲಂಡನ್ನಿನ ವಿಲಿಯಂ ಬೌಮನ್ ಸೂಕ್ಷ್ಮದರ್ಶಕದಿಂದ ಮೂತ್ರಪಿಂಡದ ಒಳರಚನೆಯನ್ನು ವಿವರಿಸಿದನು. ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ಸಣ್ಣ ಸೋಸುವ ಘಟಕಗಳಿವೆಯೆಂದೂ, ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನು ಹಿಂದಕ್ಕೆ ಪಡೆದು, ಒಂದೆರಡು ಲೀಟರನ್ನು ಮಾತ್ರ ಹೊರಬಿಡುತ್ತವೆಯೆಂದೂ ಈಗ ತಿಳಿದಿದೆ. ಈ ಜರಡಿ ಹರಿದರೆ ಆಲ್ಬುಮಿನ್ ಸೋರಿಹೋಗುತ್ತದೆ. ನೀರನ್ನು ರಕ್ತನಾಳದೊಳಗೆ ಹಿಡಿದಿಡುವುದು ಮುಖ್ಯವಾಗಿ ಅದೇ ಆದುದರಿಂದ, ಅದು ತೀರಾ ಕಡಮೆಯಾದಾಗ ನೀರು ಹೊರಕ್ಕೆ ಒಸರಿ ಮೈ ಊದುತ್ತದೆ. ಉಪ್ಪು ಹೊರಹೋಗದೆ ಉಳಿದರೂ ಹೀಗೆಯೇ ಆಗುತ್ತದೆ. ಬ್ರೈಟ್ ರೋಗವೆಂದು ಒಂದೇ ಹೆಸರಿನಿಂದ ಕರೆಯುತ್ತಿದ್ದುದನ್ನು ಇಂದು ಹಲವು ಬೇರೆಬೇರೆ ರೋಗಗಳಾಗಿ ವಿಂಗಡಿಸಿ, ಆ ಹೆಸರನ್ನು ಕೈಬಿಟ್ಟಿದ್ದಾರೆ. 1940ರ ದಶಕದಲ್ಲಿ ಹಾಲೆಂಡಿನ ಕೋಲ್ಫ್ ರಕ್ತವನ್ನು ಶುದ್ಧಿಮಾಡುವ ಯಂತ್ರವನ್ನು ರಚಿಸಿದನು. 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆಯ ತಂಡ ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಮತ್ತೊಬ್ಬನಿಗೆ ಯಶಸ್ವಿಯಾಗಿ ಜೋಡಿಸಿತು.

ಬ್ರೈಟನು 1837ರಲ್ಲಿ ವಿಕ್ಟೋರಿಯಾ ರಾಣಿಯ ವೈದ್ಯರಲ್ಲೊಬ್ಬನಾಗಿ ನೇಮಕಗೊಂಡನು. 1858ರ ಡಿಸೆಂಬರ್ 16ರಂದು ಹೃದ್ರೋಗದಿಂದ ಲಂಡನ್ನಿನಲ್ಲಿ ನಿಧನ ಹೊಂದಿದನು.

ಚಮಚೆ ಮೇಣದ ಬತ್ತಿಗಳು ಆ ಕಾಲದಲ್ಲಿಯೂ ಎಲ್ಲರ ಮನೆಯಲ್ಲಿದ್ದವು. ಅವುಗಳಿಂದ ಕಂಡದ್ದನ್ನು ಕೊನೆಯವರೆಗೆ ಬೆನ್ನಟ್ಟಿದವರು ಮಾತ್ರ ವಿರಳ. ಇಂದು ಆ ಪರೀಕ್ಷೆಯನ್ನು ಮೂತ್ರದಲ್ಲಿ ಅದ್ದುವ ಒಂದು ಸಣ್ಣ ಪಟ್ಟಿ ಕ್ಷಣಮಾತ್ರದಲ್ಲಿ ಮಾಡುತ್ತದೆ. ನಮ್ಮಲ್ಲಿ ಅನೇಕರು ನಮ್ಮ ಮನೆತನಗಳಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು. ರಜೆಯಲ್ಲಿ ಊರಿಗೆ ಹೋದಾಗ, ಬೆಳಗ್ಗೆ ಮುಖ ಊದಿಕೊಂಡ ಹಿರಿಯರು ಯಾರಾದರೂ ಕಣ್ಣಿಗೆ ಬಿದ್ದರೆ, ಪಟ್ಟು ಹಾಕುವ ಮೊದಲು ಮೂತ್ರಪರೀಕ್ಷೆ ಮಾಡಿಸೋಣವೆಂದು ನಾವು ಹೇಳಬಹುದು. ನಮ್ಮ ದೊಡ್ಡಪ್ಪನವರಿಗೆ ಆ ಮಾತನ್ನು ಹೇಳುವವರು ಮನೆಯಲ್ಲಿ ಆಗ ಯಾರೂ ಇರಲಿಲ್ಲ.