ಮೊದಲು ನಾಯಕಿ, ಆಮೇಲೆ ಎಲ್ಲರ ಅಮ್ಮ: ಭಟ್ಕಳದ ಪಂಡರಿಬಾಯಿ



ಈ ಪುಟದಲ್ಲಿ ಆಗಾಗ ಕನ್ನಡದ ಒಬ್ಬ ಹಿರಿಯರನ್ನು ನೆನೆಯುವುದು ನಮ್ಮ ಪದ್ಧತಿ. ಕವಿಗಳು, ಗಾಯಕರು, ಏಕೀಕರಣಕ್ಕೆ ದುಡಿದವರು ಇಲ್ಲಿ ಬಂದು ಹೋಗಿದ್ದಾರೆ. ಈ ಸಲ ಒಬ್ಬ ಚಿತ್ರನಟಿಯ ಸರದಿ. ಪಂಡರಿಬಾಯಿ ಎಂದು ಹೆಸರು ಹೇಳಿದರೆ ನಮ್ಮ ಕಿರಿಯ ಸದಸ್ಯರಿಗೆ ತಕ್ಷಣ ಗೊತ್ತಾಗಲಿಕ್ಕಿಲ್ಲ. ಹಳೆಯ ಚಿತ್ರಗಳ ಆ ಅಮ್ಮ, ಮೃದುವಾಗಿ ಮಾತನಾಡುವ, ಕಷ್ಟವನ್ನೆಲ್ಲ ನುಂಗಿಕೊಳ್ಳುವ ಆ ತಾಯಿ ಎಂದರೆ ಮಾತ್ರ ಮನೆಯವರೆಲ್ಲ ಹೌದು ಹೌದು ಎನ್ನುತ್ತಾರೆ. ಮುಖ ಗೊತ್ತು, ಹೆಸರು ಮರೆತಿದೆ. ಪೋಷಕ ನಟಿಯರ ಪಾಲಿಗೆ ಬರುವುದು ಸಾಮಾನ್ಯವಾಗಿ ಇದೇ. ಆದರೆ ಪಂಡರಿಬಾಯಿಯವರ ವಿಷಯದಲ್ಲಿ ಈ ಮರೆವು ಸ್ವಲ್ಪ ಹೆಚ್ಚೇ ಅನ್ಯಾಯ, ಯಾಕೆಂದರೆ ಕನ್ನಡ ಚಿತ್ರರಂಗದ ಮೊದಲ ಸಾಲಿನ ನಾಯಕಿಯರಲ್ಲಿ ಅವರೊಬ್ಬರು.

ಅವರು ನಮಗೆ ದೂರದವರೂ ಅಲ್ಲ. ಮಡಗಾಂವಿನಲ್ಲಿ ಕೊಂಕಣ ರೈಲು ಹತ್ತಿದರೆ ಕಾಣಕೋಣ ದಾಟಿ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಅದಾದ ಮೇಲೆ ಭಟ್ಕಳ. ಅವರ ಹುಟ್ಟೂರು ಅದು. ಅವರು ಹುಟ್ಟಿದ ಕಾಲದಲ್ಲಿ ಕಾರವಾರದ ಕಡೆಯ ಈ ಜಿಲ್ಲೆಯೆಲ್ಲ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮುಂದೆ ಅವರು ಬದುಕು ಕಟ್ಟಿಕೊಂಡದ್ದು ಮದರಾಸಿನಲ್ಲಿ. ಕನ್ನಡ ಚಿತ್ರಗಳು ಬಹುಪಾಲು ತಯಾರಾಗುತ್ತಿದ್ದುದೇ ಆಗ ಅಲ್ಲಿ. ಹೀಗಾಗಿ ಕನ್ನಡದ ಮನೆಮಾತಾದ ಈ ನಟಿ ಜೀವನದ ಹೆಚ್ಚು ಕಾಲ ನಮ್ಮ ಹಾಗೆ ಹೊರನಾಡಿನಲ್ಲಿ ಕಳೆದ ಕನ್ನಡತಿ. ಈ ಕಾರಣಕ್ಕೂ ಗೋವಾದ ಕನ್ನಡಿಗರಾದ ನಾವು ಅವರನ್ನು ನೆನೆಯಬೇಕು.

ಪಂಢರಪುರದ ಪಾಂಡುರಂಗನನ್ನು ನೆನಪಿಸುವ ಹೆಸರು ಅವರದು. ಚಿಕ್ಕ ವಯಸ್ಸಿನಲ್ಲೇ ಪೌರಾಣಿಕ ನಾಟಕಗಳಲ್ಲಿ ಪಾತ್ರ ಮಾಡಿದರು. ಮಾತಿನ ಸ್ಪಷ್ಟತೆ, ಸಭೆಯ ಮುಂದೆ ಅಳುಕಿಲ್ಲದೆ ನಿಲ್ಲುವುದು, ಎರಡನ್ನೂ ಕಲಿಸಿದ್ದು ರಂಗಭೂಮಿ. 1943ರಲ್ಲಿ ಕೆ. ಹಿರಣ್ಣಯ್ಯನವರ 'ವಾಣಿ' ಚಿತ್ರದಿಂದ ಸಿನಿಮಾಕ್ಕೆ ಬಂದರು. ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ಬಂದು ಆಗಿನ್ನೂ ಒಂಬತ್ತು ವರ್ಷ. ವರ್ಷಕ್ಕೆ ಬೆರಳೆಣಿಕೆಯ ಕನ್ನಡ ಚಿತ್ರಗಳೂ ಬರುವುದು ಕಷ್ಟವಾಗಿದ್ದ ಕಾಲ. ಕನ್ನಡವನ್ನೇ ನೆಚ್ಚಿ ಕುಳಿತರೆ ಕಲಾವಿದರ ಹೊಟ್ಟೆ ತುಂಬುತ್ತಿರಲಿಲ್ಲ. ಪಂಡರಿಬಾಯಿಯವರು ತಮಿಳಿನಲ್ಲಿ ಅಭಿನಯಿಸಿದರು, ಹಿಂದಿಯಲ್ಲೂ ಕಾಣಿಸಿಕೊಂಡರು.

ಅವರ ಬದುಕಿನಲ್ಲಿ ಬೇರೆ ಯಾರಿಗೂ ಸುಲಭವಾಗಿ ಸಿಗದ ಒಂದು ಯೋಗ ಎರಡು ವರ್ಷಗಳ ಅಂತರದಲ್ಲಿ ಒದಗಿತು. 1952ರಲ್ಲಿ ತಮಿಳಿನ 'ಪರಾಶಕ್ತಿ' ಬಂತು. ನಾಯಕ ಹೊಸಬ, ಹೆಸರು ಶಿವಾಜಿ ಗಣೇಶನ್. ನಾಯಕಿ ನಮ್ಮ ಪಂಡರಿಬಾಯಿ. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 'ಬೇಡರ ಕಣ್ಣಪ್ಪ' ಬಂತು. ಅಲ್ಲೂ ನಾಯಕ ಹೊಸಬ, ಮುತ್ತುರಾಜ್ ಎಂಬ ರಂಗನಟ ಆ ಚಿತ್ರದಿಂದ ರಾಜ್‌ಕುಮಾರ್ ಆದರು. ಬೇಡನ ಹೆಂಡತಿ ನೀಲಳಾಗಿ ಜೊತೆಗಿದ್ದವರು ಮತ್ತೆ ಪಂಡರಿಬಾಯಿ. ಆ ಹೊತ್ತಿಗೆ ಅವರಿಗೆ ಕ್ಯಾಮೆರಾದ ಮುಂದೆ ಹನ್ನೊಂದು ವರ್ಷಗಳ ಅನುಭವವಿತ್ತು. ಮುಂದೆ ಎರಡು ಭಾಷೆಗಳ ಚಿತ್ರರಂಗವನ್ನು ದಶಕಗಳ ಕಾಲ ಆಳಿದ ಇಬ್ಬರು ಮಹಾನಟರು ನಾಯಕರಾಗಿ ಮೊದಲ ಹೆಜ್ಜೆ ಇಟ್ಟಾಗ ಎದುರಿಗಿದ್ದ ನುರಿತ ಕಲಾವಿದೆ ಒಬ್ಬರೇ, ಅವರು ಭಟ್ಕಳದವರು.

ಅದೇ 1954ರಲ್ಲಿ ತಮಿಳಿನಲ್ಲಿ 'ಅಂದ ನಾಳ್' ಬಂತು. ವೀಣಾವಾದಕರೂ ಆಗಿದ್ದ ಎಸ್. ಬಾಲಚಂದರ್ ನಿರ್ದೇಶಿಸಿದ, ಒಂದೂ ಹಾಡಿಲ್ಲದ ಚಿತ್ರ. ಅದರಲ್ಲಿ ಗಂಡ ದೇಶದ್ರೋಹಿ, ಅದನ್ನು ತಿಳಿದು ಅವನನ್ನು ಎದುರಿಸುವ ಹೆಂಡತಿ ಪಂಡರಿಬಾಯಿ. ಒಂದೇ ವರ್ಷದಲ್ಲಿ ಕನ್ನಡದಲ್ಲಿ ಕಾಡಿನ ಬೇಡನ ಮಡದಿ, ತಮಿಳಿನಲ್ಲಿ ಪಟ್ಟಣದ ವಿದ್ಯಾವಂತ ಗೃಹಿಣಿ. ಅವರನ್ನು ಅಳುವ ಅಮ್ಮ ಎಂದಷ್ಟೇ ತಿಳಿದವರು ಈ ಎರಡು ಚಿತ್ರಗಳನ್ನು ಒಮ್ಮೆ ನೋಡಬೇಕು.

1955ರ 'ಸಂತ ಸಖು'ವಿನಲ್ಲಿ ಪಾಂಡುರಂಗನ ಭಕ್ತೆಯ ಕಥೆ ಅವರಿಗೆ ಒಲಿದು ಬಂತು. ತಂಗಿ ಮೈನಾವತಿಯವರು ಚಿತ್ರರಂಗಕ್ಕೆ ಬಂದದ್ದೂ ಆಗಲೇ. 1957ರ 'ರಾಯರ ಸೊಸೆ'ಯಲ್ಲಿ ಅಕ್ಕತಂಗಿಯರಿಬ್ಬರೂ ಇದ್ದರು. 1965ರ 'ಸತ್ಯ ಹರಿಶ್ಚಂದ್ರ'ದಲ್ಲಿ ರಾಜ್‌ಕುಮಾರ್ ಹರಿಶ್ಚಂದ್ರ, ಪಂಡರಿಬಾಯಿ ಚಂದ್ರಮತಿ. ಸತ್ತ ಮಗನನ್ನು ಹೊತ್ತು ಮಸಣಕ್ಕೆ ಬಂದ ತಾಯಿಯ ಎದುರು ಗಂಡನೇ ಮಸಣ ಕಾಯುವವನಾಗಿ ನಿಂತು ಸುಂಕ ಕೇಳುವ ಸನ್ನಿವೇಶ ಯಾರಿಗೆ ಗೊತ್ತಿಲ್ಲ? 2008ರಲ್ಲಿ ಆ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಹೊಸ ತಲೆಮಾರಿನವರೂ ಚಿತ್ರಮಂದಿರದಲ್ಲಿ ಅವರನ್ನು ಕಂಡರು.

ಚಂದ್ರಮತಿಯಾದ ಎರಡೇ ವರ್ಷಕ್ಕೆ, 1967ರಲ್ಲಿ, ಅವರು 'ಬೆಳ್ಳಿಮೋಡ'ದಲ್ಲಿ ಕಲ್ಪನಾ ಅವರ ತಾಯಿಯಾದರು. ತ್ರಿವೇಣಿಯವರ ಕಾದಂಬರಿ ಆಧರಿಸಿದ, ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ಅದು. ಅಶ್ವತ್ಥ್ ತಂದೆ, ಪಂಡರಿಬಾಯಿ ತಾಯಿ, ಒಬ್ಬಳೇ ಮಗಳು ಇಂದಿರಾ. ಆಸ್ತಿಯೆಲ್ಲ ಇಂದಿರೆಗೇ ಬರುತ್ತದೆ ಎಂಬ ಲೆಕ್ಕದಲ್ಲಿ ಮದುವೆಗೆ ಒಪ್ಪಿದವನು ಮೋಹನ. ವಯಸ್ಸು ಮೀರಿದ ಮೇಲೆ ತಾಯಿ ಮತ್ತೆ ಬಸುರಾಗುತ್ತಾಳೆ, ಗಂಡು ಮಗು ಹುಟ್ಟುತ್ತದೆ, ತಾಯಿ ಕಣ್ಣು ಮುಚ್ಚುತ್ತಾಳೆ. ಅಲ್ಲಿಗೆ ಮೋಹನನ ಪ್ರೀತಿಯೂ ಬಣ್ಣ ಕಳೆದುಕೊಳ್ಳುತ್ತದೆ. ಬೆಳೆದ ಮಗಳ ಮುಂದೆ ಬಸುರಿಯಾದ ತಾಯಿಯ ನಾಚಿಕೆ, ಸಂತೋಷ, ಅಂಜಿಕೆ ಮೂರೂ ನಂಬುವಂತಿದ್ದರೆ ಮಾತ್ರ ಕಥೆ ಮುಂದೆ ನಡೆಯುತ್ತದೆ. ಕಲ್ಪನಾ ಅವರನ್ನು ನಾವು ನೆನೆಯುತ್ತೇವೆ, ಅದು ಸರಿಯೇ. ಆದರೆ ಇಂದಿರೆಯ ದುಃಖಕ್ಕೆ ಬುನಾದಿ ಹಾಕಿ, ಸದ್ದಿಲ್ಲದೆ ಕಥೆಯಿಂದ ಹೊರಗೆ ಹೋಗುವವಳು ಆ ತಾಯಿ. ಪೋಷಕ ಪಾತ್ರ ಎಂಬ ಮಾತಿಗೆ ಅರ್ಥ ಇದೇ.

ಇಲ್ಲೊಂದು ವಯಸ್ಸಿನ ಲೆಕ್ಕವನ್ನೂ ಹಾಕಬೇಕು. ಎಂ.ಜಿ. ರಾಮಚಂದ್ರನ್ ಹುಟ್ಟಿದ್ದು 1917ರಲ್ಲಿ, ಎಂದರೆ ಪಂಡರಿಬಾಯಿಯವರಿಗಿಂತ ಹತ್ತು ವರ್ಷಕ್ಕೂ ಹೆಚ್ಚು ದೊಡ್ಡವರು. 1968ರ 'ಕುಡಿಯಿರುಂದ ಕೋಯಿಲ್' ಚಿತ್ರದಲ್ಲಿ ಅದೇ ಎಂ.ಜಿ.ಆರ್. ಅವರಿಗೆ ಈಕೆ ತಾಯಿ. ಮರುವರ್ಷ 'ದೈವ ಮಗನ್' ಬಂತು. ಶಿವಾಜಿ ಗಣೇಶನ್ ಅದರಲ್ಲಿ ತಂದೆ ಮತ್ತು ಇಬ್ಬರು ಮಕ್ಕಳಾಗಿ ಮೂರು ಪಾತ್ರ ಮಾಡಿದ್ದರು. ಪಂಡರಿಬಾಯಿಯವರು ಒಬ್ಬ ಶಿವಾಜಿಗೆ ಹೆಂಡತಿ, ಉಳಿದಿಬ್ಬರಿಗೆ ತಾಯಿ. ನಾಯಕನಿಗೆ ವಯಸ್ಸಾಗುವುದಿಲ್ಲ, ನಾಯಕಿಗೆ ಮಾತ್ರ ಬೇಗ ಆಗಿಬಿಡುತ್ತದೆ, ಇದು ಚಿತ್ರರಂಗದ ಹಳೆಯ ಕಟ್ಟಳೆ. ನಲವತ್ತರ ಆಸುಪಾಸಿನಲ್ಲೇ ತಲೆಗೆ ನರೆ ಬಳಿದುಕೊಂಡು, ತನಗಿಂತ ದೊಡ್ಡವರನ್ನು ಮಗನೇ ಎಂದು ಕರೆಯಬೇಕು. ಇದನ್ನು ಅವಮಾನ ಎಂದುಕೊಂಡು ಮನೆಗೆ ಹೋದವರೂ ಇದ್ದಾರು. ಪಂಡರಿಬಾಯಿಯವರು ಹೋಗಲಿಲ್ಲ. ಕೊಟ್ಟ ಪಾತ್ರವನ್ನು ನಾಯಕಿಯ ಪಾತ್ರದಷ್ಟೇ ಶ್ರದ್ಧೆಯಿಂದ ಮಾಡಿದರು. ಅದರಿಂದಲೇ ಐವತ್ತು ವರ್ಷ ಅವರ ಕೆಲಸ ನಿಲ್ಲಲಿಲ್ಲ.

1986ರ 'ಅನುರಾಗ ಅರಳಿತು' ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ರಾಜ್‌ಕುಮಾರ್ ಅವರಿಗೆ ಪಂಡರಿಬಾಯಿ ಅಮ್ಮ, ಕಾಯಿಲೆಯಿಂದ ನೆಲ ಹಿಡಿದ ತಾಯಿ. 'ಬೇಡರ ಕಣ್ಣಪ್ಪ'ದ ಗಂಡಹೆಂಡತಿ ಮೂವತ್ತೆರಡು ವರ್ಷದ ಮೇಲೆ ಮಗ, ತಾಯಿ. ಆರು ವರ್ಷ ಕಳೆದು 1992ರಲ್ಲಿ ಅದೇ ಕಥೆ ತಮಿಳಿನಲ್ಲಿ 'ಮನ್ನನ್' ಆಯಿತು. ನಾಯಕ ಬದಲಾಗಿ ರಜನಿಕಾಂತ್ ಬಂದರು, ನಾಯಕಿ ಬದಲಾದರು, ಭಾಷೆ ಬದಲಾಯಿತು. ತಾಯಿ ಮಾತ್ರ ಬದಲಾಗಲಿಲ್ಲ. ಆ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವ ಅಗತ್ಯ ಯಾರಿಗೂ ಕಾಣಲಿಲ್ಲ.

ತಂಗಿ ಮೈನಾವತಿಯವರ ಹಾದಿಯೂ ಹೀಗೆಯೇ. 1959ರ 'ಅಬ್ಬಾ ಆ ಹುಡುಗಿ'ಯಲ್ಲಿ ಗಂಡಸರನ್ನು ಕಂಡರೆ ಸಿಡಿಯುವ ನಾಯಕಿಯಾಗಿ ಮೆರೆದ ಅವರು, ಮುಂದೆ ಕಿರುತೆರೆ ಬಂದಾಗ ಕನ್ನಡ ಧಾರಾವಾಹಿಗಳಲ್ಲಿ ಹಿರಿಯ ಪಾತ್ರಗಳನ್ನು ಮಾಡಿದರು. ಮೈನಾವತಿಯವರು 2012ರಲ್ಲಿ ತೀರಿಕೊಂಡರು. ಪಂಡರಿಬಾಯಿಯವರು ಅದಕ್ಕೂ ಮೊದಲೇ, 2003ರ ಜನವರಿ 29ರಂದು ಚೆನ್ನೈಯಲ್ಲಿ ನಮ್ಮನ್ನಗಲಿದ್ದರು.

ಈ ಲೇಖನ ಬರೆಯಲು ಕುಳಿತಾಗ ನಮಗೆ ನಮ್ಮ ಸಂಘದ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯ ನೆನಪಾಯಿತು. ಅಧ್ಯಕ್ಷರು, ಮುಖ್ಯ ಅತಿಥಿಗಳು, ಸನ್ಮಾನಿತರು ಎಂದು ಹೆಸರುಗಳು ಸಾಲಾಗಿ ಬರುತ್ತವೆ. ಬೆಳಿಗ್ಗೆ ಆರು ಗಂಟೆಗೆ ಬಂದು ಇನ್ನೂರು ಜನಕ್ಕೆ ಉಪ್ಪಿಟ್ಟು ಕೆದಕುವ ತಾಯಂದಿರ ಹೆಸರು, ಮಕ್ಕಳಿಗೆ ತಿಂಗಳುಗಟ್ಟಲೆ ನಾಟಕದ ಮಾತು ಬಾಯಿಪಾಠ ಮಾಡಿಸಿದವರ ಹೆಸರು ಅದರಲ್ಲಿ ಇರುವುದಿಲ್ಲ. ಪತ್ರಿಕೆಯ ಕರಡು ಸಿದ್ಧಮಾಡುವವರು ನಾವೇ ಆದ್ದರಿಂದ ತಪ್ಪೂ ನಮ್ಮದೇ. ಈ ವರ್ಷದಿಂದ ಆ ಹೆಸರುಗಳನ್ನೂ ಅಚ್ಚು ಹಾಕಿಸಬೇಕೆಂದು ಕಾರ್ಯಕಾರಿ ಸಮಿತಿಯ ಮುಂದೆ ಇಡಲಿದ್ದೇವೆ.

ಇನ್ನೊಂದು ಸೂಚನೆ. ಮುಂದಿನ ಮಾಸಿಕ ಸಭೆಯ ನಂತರ ಆಸಕ್ತ ಸದಸ್ಯರೆಲ್ಲ ಕೂಡಿ 'ಬೆಳ್ಳಿಮೋಡ' ನೋಡಬೇಕೆಂಬ ಆಲೋಚನೆಯಿದೆ. ದಿನ, ವೇಳೆಯನ್ನು ಇದೇ ಪುಟದಲ್ಲಿ ತಿಳಿಸುತ್ತೇವೆ. ಮಕ್ಕಳನ್ನೂ ಕರೆತನ್ನಿ. ಶೀರ್ಷಿಕೆಗಳು ಬರುವಾಗ ಹರಟೆ ಹೊಡೆಯದೆ, ಪಂಡರಿಬಾಯಿಯವರ ಹೆಸರು ಬಂದಾಗ ಅವರಿಗೆ ತೋರಿಸಿ. ಇವರು ನಮ್ಮ ಪಕ್ಕದ ಭಟ್ಕಳದವರು ಎಂದೂ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ